ಪ್ರೋಟಾನ್ ಮೇಲ್ ಪ್ರಕರಣ: ಇ-ಮೇಲ್ ಗೌಪ್ಯತೆ
ಪ್ರೋಟಾನ್ ಮೇಲ್ ಎಂಬ ಇ-ಮೇಲ್ ಸೇವೆಯನ್ನು ನಿರ್ಬಂಧಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 69ಎ ಅಡಿ ಕ್ರಮ ಕೈಗೊಳ್ಳುವಂತೆ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್ 29ರಂದು ಕೇಂದ್ರಕ್ಕೆ ನಿರ್ದೇಶಿಸಿತು. ಸಂಸ್ಥೆಯೊಂದಕ್ಕೆ ಅದರ ಮೂಲಕ ಬಂದ ಅಶ್ಲೀಲ ಮೇಲ್‌ಗಳೇ ಕಾರಣ. ಪರೀಕ್ಷೆಯಲ್ಲಿ ಈ ಕಲಮನ್ನು 66ಎ ಎಂದು ಬರೆದೀರಿ, ಜೋಕೆ. ಅದು 2015ರಲ್ಲೇ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದಾಗಿದೆ.

ಸ್ವಿಟ್ಜರ್ಲೆಂಡ್ ಮೂಲದ ಈ ಸೇವೆ ಆರಂಭವಾದದ್ದು 2014ರಲ್ಲಿ. ಕಳಿಸುವವರು, ಪಡೆಯುವವರು ಇಬ್ಬರೂ ಪ್ರೋಟಾನ್ ಬಳಸಿದರೆ ಪತ್ರದ ಒಡಲು ತುದಿಯಿಂದ ತುದಿಗೆ ಗೂಢಲಿಪಿಯಲ್ಲೇ ಇರುತ್ತದೆ. ವಿಷಯದ ಸಾಲಿಗೆ ಮಾತ್ರ ಈ ರಕ್ಷಣೆಯಿಲ್ಲ. ಪ್ರಶ್ನೆಪತ್ರಿಕೆ ಎಡವಿಸುವುದು ಇಂಥಲ್ಲೇ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಅಭ್ಯರ್ಥಿಗಳೇ, ನಿಮ್ಮ ಇ-ಮೇಲ್ ಗೌಪ್ಯತೆಗಾಗಿ ಸೈಬರ್ ಕೇಂದ್ರದಲ್ಲಿ ಅರ್ಜಿ ತುಂಬಿದ ಮೇಲೆ ಲಾಗ್ ಔಟ್ ಮಾಡಿಯೇ ಏಳಿ. ಎರಡು ಹಂತದ ದೃಢೀಕರಣ ಇಟ್ಟುಕೊಳ್ಳಿ. ಹಣ ವಂಚನೆಯಾದರೆ ತಕ್ಷಣ 1930ಕ್ಕೆ ಕರೆ ಮಾಡಿ.