ಉದ್ಯೋಗ ಮತ್ತು ಹೊರಾಂಗಣ ವಿಹಾರ: ಸಣ್ಣ ನಗರದ ಆಯ್ಕೆಗೆ ಕೆಲವು ಮಾನದಂಡಗಳು

ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದ ತಂತ್ರಜ್ಞರು, ಲೆಕ್ಕಪರಿಶೋಧಕರು, ವಿನ್ಯಾಸಕಾರರು ಹಾಗೂ ಮಾರಾಟ ವಿಭಾಗದ ಅಧಿಕಾರಿಗಳು ರಾಜ್ಯದ ಸಣ್ಣ ನಗರವೊಂದಕ್ಕೆ ನೆಲೆ ಬದಲಿಸುವ ಯೋಚನೆ ಮಾಡುವುದು ಈಗ ಅಪರೂಪವಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ವ್ಯಾಪಕವಾದಾಗ ಈ ಯೋಚನೆಗೆ ಬಲ ಬಂದಿತು. ಸಂಜೆ ಕೆರೆಯ ದಂಡೆಯ ಮೇಲೆ ನಡೆಯಬಹುದು, ಭಾನುವಾರ ಬೆಟ್ಟ ಹತ್ತಬಹುದು, ಮಕ್ಕಳಿಗೆ ಈಜು ಕಲಿಸಬಹುದು ಎಂಬ ಆಸೆ ಅದರ ಹಿಂದಿದೆ. ಆದರೆ ಕಂಪನಿಗಳು ನೌಕರರನ್ನು ಮತ್ತೆ ಕಚೇರಿಗೆ ಕರೆದಾಗ, ಊರಿನಲ್ಲಿ ಬೇರೆ ಉದ್ಯೋಗ ದೊರೆಯದ ಅನೇಕರು ಬೆಂಗಳೂರಿಗೆ ಮರಳಬೇಕಾಯಿತು. ಎರಡು ಬಾರಿ ಮನೆ ಸಾಗಿಸಿದ ವೆಚ್ಚ, ಮಕ್ಕಳ ಶಾಲೆಯ ಬದಲಾವಣೆ, ಮುಂಗಡವಾಗಿ ಕೊಟ್ಟ ಹಣ ಇವೆಲ್ಲ ಆ ಕುಟುಂಬಗಳ ಮೇಲೆ ಬಿದ್ದವು. ಅವರನ್ನು ನೆಚ್ಚಿಕೊಂಡಿದ್ದ ಸ್ಥಳೀಯ ಉದ್ಯಮಗಳಿಗೂ ಅದರಿಂದ ನಷ್ಟವೇ ಆಯಿತು.

ಆದ್ದರಿಂದ ನಗರದ ಆಯ್ಕೆಯನ್ನು ಭಾವನೆಗೆ ಬಿಡದೆ ಕೆಲವು ಮಾನದಂಡಗಳ ಮೂಲಕ ಪರಿಶೀಲಿಸುವುದು ಯುಕ್ತ. 2011ರ ಜನಗಣತಿಯ ಪ್ರಕಾರ ಬೆಂಗಳೂರು ಮಹಾನಗರದ ಜನಸಂಖ್ಯೆ ಸುಮಾರು 84 ಲಕ್ಷ. ಹುಬ್ಬಳ್ಳಿ-ಧಾರವಾಡದ್ದು 9.4 ಲಕ್ಷ, ಮೈಸೂರಿನದು ಸುಮಾರು 9 ಲಕ್ಷ, ಮಂಗಳೂರಿನದು ಸುಮಾರು 5 ಲಕ್ಷ, ಶಿವಮೊಗ್ಗದ್ದು 3.2 ಲಕ್ಷ. ಒಂದರಿಂದ ಹತ್ತು ಲಕ್ಷದೊಳಗಿನ ಇಂತಹ ನಗರಗಳನ್ನು ಇಲ್ಲಿ ಸಣ್ಣ ನಗರಗಳೆಂದು ಪರಿಗಣಿಸಲಾಗಿದೆ.

ಮೊದಲ ಮಾನದಂಡ: ಎರಡನೆಯ ಉದ್ಯೋಗ

ನಗರವೊಂದರಲ್ಲಿ ಉದ್ಯೋಗ ದೊರೆಯುವುದೇ ಎಂಬುದು ಅಪೂರ್ಣ ಪ್ರಶ್ನೆ. ಆ ಉದ್ಯೋಗ ಹೋದರೆ ಅದೇ ಊರಿನಲ್ಲಿ ಇನ್ನೊಂದು ದೊರೆಯುವುದೇ ಎಂಬುದನ್ನೇ ಮುಖ್ಯವಾಗಿ ಕೇಳಬೇಕು. ಇದಕ್ಕೆ ರಾಜ್ಯದಲ್ಲಿಯೇ ಸ್ಪಷ್ಟ ನಿದರ್ಶನವಿದೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಪಶ್ಚಿಮ ಘಟ್ಟದ ನಡುವೆ ತನ್ನ ನೌಕರರಿಗಾಗಿ ಒಂದು ಪಟ್ಟಣವನ್ನೇ ನಿರ್ಮಿಸಿತು. ಶಾಲೆ, ಆಸ್ಪತ್ರೆ, ವಸತಿಗೃಹಗಳು ಅಲ್ಲಿದ್ದವು. 1,894 ಮೀಟರ್ ಎತ್ತರದ ಕುದುರೆಮುಖ ಶಿಖರವೂ ಶೋಲಾ ಕಾಡುಗಳೂ ಸಮೀಪದಲ್ಲಿದ್ದವು. ಉದ್ಯೋಗ ಮತ್ತು ಪ್ರಕೃತಿ ಎರಡೂ ಒಂದೇ ಕಡೆ ದೊರೆತ ಊರು ಅದು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಬೇರೆ ಉದ್ಯೋಗದಾತರಿಲ್ಲದ ಆ ಪಟ್ಟಣ ಕ್ರಮೇಣ ಬರಿದಾಯಿತು.

ಇದಕ್ಕೆ ಹೋಲಿಸಿದರೆ ಮಂಗಳೂರಿನ ಅನುಭವ ಭಿನ್ನ. ಅಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ನಗರಕ್ಕೆ ಅದು ಸಣ್ಣ ಪೆಟ್ಟೇನಲ್ಲ. ಆದರೆ ಬಂದರು, ತೈಲ ಶುದ್ಧೀಕರಣ ಘಟಕ, ರಸಗೊಬ್ಬರ ಕಾರ್ಖಾನೆ, 1924ರಲ್ಲಿ ಸ್ಥಾಪನೆಯಾದ ಕರ್ಣಾಟಕ ಬ್ಯಾಂಕ್, ವೈದ್ಯಕೀಯ ಕಾಲೇಜುಗಳು, ಗೋಡಂಬಿ ಮತ್ತು ಮೀನುಗಾರಿಕೆ ಉದ್ಯಮಗಳು ಅಲ್ಲಿ ಉಳಿದಿದ್ದವು. ಒಬ್ಬ ಉದ್ಯೋಗದಾತ ಹೋದರೂ ನಗರದ ಆರ್ಥಿಕ ಜೀವನ ಕುಸಿಯಲಿಲ್ಲ.

ಆದಕಾರಣ ನೆಲೆ ಬದಲಿಸುವವರು ತಮ್ಮ ವೃತ್ತಿಯಲ್ಲಿ ವೇತನ ಕೊಡಬಲ್ಲ ಕನಿಷ್ಠ ಐದು ಸಂಸ್ಥೆಗಳ ಹೆಸರನ್ನು ಆ ನಗರದಲ್ಲಿ ಪಟ್ಟಿ ಮಾಡಬೇಕು. ಪತಿ-ಪತ್ನಿ ಇಬ್ಬರೂ ದುಡಿಯುವವರಾದರೆ ಎರಡು ಪಟ್ಟಿಗಳು ಬೇಕು. ಐದು ಹೆಸರು ತುಂಬದಿದ್ದರೆ ಆ ಊರು ವಿಹಾರಕ್ಕೆ ಯೋಗ್ಯ, ವಾಸಕ್ಕೆ ಅಪಾಯಕರ ಎಂದೇ ಭಾವಿಸಬೇಕು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಅದರ ತಪ್ಪಲಿನ ಚಿಕ್ಕಮಗಳೂರು ಕಾಫಿ ಮತ್ತು ಪ್ರವಾಸೋದ್ಯಮದಲ್ಲಿ ತೊಡಗಿದವರಿಗೆ ಉತ್ತಮ ನೆಲೆ. ಆದರೆ ತಂತ್ರಾಂಶ ಅಥವಾ ಯಂತ್ರೋಪಕರಣ ಕ್ಷೇತ್ರದವರ ಪಟ್ಟಿ ಅಲ್ಲಿ ಬೇಗ ಮುಗಿದುಹೋಗುತ್ತದೆ.

ಎರಡನೆಯ ಮಾನದಂಡ: ವಾರದ ದಿನಗಳ ವಿಹಾರ

ಪ್ರವಾಸಿ ನೋಡುವುದು ನಗರದ ಸುತ್ತಲಿನ ಜಲಪಾತ ಮತ್ತು ಶಿಖರಗಳನ್ನು. ಅಲ್ಲಿಯೇ ವಾಸಿಸುವವನಿಗೆ ಬೇಕಾದುದು ಬುಧವಾರ ಸಂಜೆ ಆರು ಗಂಟೆಗೆ ಅರ್ಧ ಗಂಟೆಯೊಳಗೆ ತಲುಪಬಹುದಾದ ಕೆರೆ, ಮೈದಾನ ಅಥವಾ ಸೈಕಲ್ ಓಡಿಸಬಹುದಾದ ರಸ್ತೆ. ನೂರು ಕಿಲೋಮೀಟರ್ ದೂರದ ಬೆಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಹತ್ತುವುದಕ್ಕೆ ನೆಲೆಯನ್ನೇ ಬದಲಿಸಬೇಕಾಗಿಲ್ಲ. ಅದು ಬೆಂಗಳೂರಿನಿಂದಲೂ ಸಾಧ್ಯ.

ಇದರ ಜತೆಗೆ ಪ್ರವೇಶದ ನಿಯಮಗಳನ್ನು ತಿಳಿದಿರಬೇಕು. ಪಶ್ಚಿಮ ಘಟ್ಟದ ಹೆಸರಾಂತ ಚಾರಣ ಪಥಗಳಲ್ಲಿ ಹೆಚ್ಚಿನವು ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿವೆ. ವಾರಾಂತ್ಯದ ಜನದಟ್ಟಣೆ ಮಿತಿಮೀರಿದ್ದರಿಂದ ಇಲಾಖೆಯು 2024ರಲ್ಲಿ ಪ್ರಮುಖ ಪಥಗಳಿಗೆ ಆನ್‌ಲೈನ್ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯನ್ನು ಬಿಗಿಗೊಳಿಸಿ, ಚಾರಣಿಗರ ದಿನದ ಸಂಖ್ಯೆಗೆ ಮಿತಿ ವಿಧಿಸಿತು. ಮನಸ್ಸು ಬಂದಾಗ ಹೊರಟು ಕಾಡು ಹೊಕ್ಕುವ ಕಲ್ಪನೆಯಿಂದ ನಗರವನ್ನು ಆಯ್ದುಕೊಂಡವರಿಗೆ ನಿರಾಶೆ ತಪ್ಪಿದ್ದಲ್ಲ.

ಮೂರನೆಯ ಮಾನದಂಡ: ಪ್ರತಿಕೂಲ ಋತು

ಡಿಸೆಂಬರಿನಲ್ಲಿ ಎಲ್ಲ ಊರುಗಳೂ ಸುಂದರವೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಅಧಿಕ ಮಳೆ ಬೀಳುವ ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬದುಕು ಬೇರೆಯೇ ಆಗಿರುತ್ತದೆ. ಕಡಲು ಪ್ರಕ್ಷುಬ್ಧವಾಗಿರುವ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ. ಆ ಅವಧಿಯಲ್ಲಿ ಜಲಕ್ರೀಡೆಯ ಮಾತೇ ಇಲ್ಲ. 2018ರ ಆಗಸ್ಟ್ ಮತ್ತು 2024ರ ಜುಲೈ ತಿಂಗಳುಗಳಲ್ಲಿ ಘಟ್ಟದ ಭೂಕುಸಿತಗಳಿಂದಾಗಿ ಬೆಂಗಳೂರು-ಮಂಗಳೂರು ರೈಲು ಮತ್ತು ರಸ್ತೆ ಸಂಚಾರಕ್ಕೆ ತೀವ್ರ ಅಡಚಣೆಯಾಯಿತು. ತಿಂಗಳಿಗೆರಡು ಬಾರಿ ರಾಜಧಾನಿಯ ಕಚೇರಿಗೆ ಹಾಜರಾಗಬೇಕಾದ ನೌಕರನಿಗೆ ಇದು ಗಂಭೀರ ವಿಷಯ.

ಮಲೆನಾಡಿನ ಬೇಸಗೆಗೂ ತನ್ನದೇ ಎಚ್ಚರಿಕೆ ಇದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಚಾರಣಕ್ಕೆ ಅನುಕೂಲವೆನಿಸುವ ಒಣ ದಿನಗಳಲ್ಲಿಯೇ, ಅದರ ಹಾವಳಿ ಹೆಚ್ಚು. ಕಾಡಂಚಿನಲ್ಲಿ ಓಡಾಡುವವರು ಮೈತುಂಬ ಬಟ್ಟೆ ಧರಿಸುವುದು, ಆರೋಗ್ಯ ಇಲಾಖೆ ವಿತರಿಸುವ ಉಣುಗು ನಿವಾರಕ ತೈಲವನ್ನು ಲೇಪಿಸಿಕೊಳ್ಳುವುದು, ಮಂಗ ಸತ್ತು ಬಿದ್ದ ಜಾಗದಿಂದ ದೂರವಿದ್ದು ಇಲಾಖೆಗೆ ತಿಳಿಸುವುದು ಅವಶ್ಯ. ಸ್ಥಳೀಯರಿಗೆ ಇದು ರೂಢಿಯ ಜ್ಞಾನ. ಹೊಸಬರು ಇದನ್ನು ಕೇಳಿ ತಿಳಿಯಬೇಕು.

ನಾಲ್ಕು ನಗರಗಳ ತುಲನೆ

ಮೈಸೂರು: ಇನ್ಫೋಸಿಸ್ ಕೇಂದ್ರ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಹೆಬ್ಬಾಳ, ಹೂಟಗಳ್ಳಿ ಮತ್ತು ಮೇಟಗಳ್ಳಿಯ ಕಾರ್ಖಾನೆಗಳು ಹಾಗೂ ಸಮೀಪದ ನಂಜನಗೂಡು ಕೈಗಾರಿಕಾ ಪ್ರದೇಶದಿಂದಾಗಿ ಉದ್ಯೋಗದ ವೈವಿಧ್ಯ ಇಲ್ಲಿದೆ. ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಹಾದಿ ಮತ್ತು ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ನಗರದೊಳಗೇ ಇರುವುದರಿಂದ ವಾರದ ದಿನಗಳ ವಿಹಾರಕ್ಕೆ ಅತ್ಯಂತ ಅನುಕೂಲ. 2017ರಲ್ಲಿ ಇಲ್ಲಿ ಸಾರ್ವಜನಿಕ ಸೈಕಲ್ ಯೋಜನೆ ‘ಟ್ರಿಣ್ ಟ್ರಿಣ್’ ಆರಂಭವಾಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಹೆದ್ದಾರಿಯಿಂದ ಬೆಂಗಳೂರು ಹತ್ತಿರವಾಯಿತು. ಈ ಸಾಮೀಪ್ಯದಿಂದಲೇ ನಿವೇಶನಗಳ ಬೆಲೆಯೂ ಏರುತ್ತದೆಂಬುದನ್ನು ಮರೆಯಬಾರದು.

ಮಂಗಳೂರು: ಉದ್ಯೋಗದ ಆಳ ಉತ್ತಮ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಕಡಲತೀರಗಳು ಹತ್ತಿರದಲ್ಲಿವೆ. ಮೂಲ್ಕಿ ಮತ್ತು ಸಸಿಹಿತ್ಲು ತೀರಗಳು ಸರ್ಫಿಂಗ್ ಕ್ರೀಡೆಗೆ ಹೆಸರಾಗಿವೆ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಉಡುಪಿ ಜಿಲ್ಲೆಯ ಪಡುಬಿದ್ರೆ ತೀರಕ್ಕೆ 2020ರಲ್ಲಿ ‘ನೀಲಿ ಬಾವುಟ’ ಮಾನ್ಯತೆ ದೊರೆಯಿತು. ಸೆಕೆ ಮತ್ತು ದೀರ್ಘ ಮಳೆಗಾಲವನ್ನು ಸಹಿಸಬಲ್ಲವರಿಗೆ ಈ ನಗರ ಸೂಕ್ತ.

ಹುಬ್ಬಳ್ಳಿ-ಧಾರವಾಡ: 2003ರಿಂದ ನೈಋತ್ಯ ರೈಲ್ವೆಯ ಕೇಂದ್ರಸ್ಥಾನ ಹುಬ್ಬಳ್ಳಿಯಲ್ಲಿದೆ. ಧಾರವಾಡದಲ್ಲಿ ವಿಶ್ವವಿದ್ಯಾಲಯಗಳು, ಹೈಕೋರ್ಟಿನ ಪೀಠ, 2016ರಲ್ಲಿ ಆರಂಭವಾದ ಐಐಟಿ ಹಾಗೂ ವಾಹನ ತಯಾರಿಕಾ ಘಟಕಗಳಿವೆ. ಅವಳಿ ನಗರಗಳ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ‘ಚಿಗರಿ’ ಬಸ್ಸಿನ ಮಾರ್ಗ ಸುಮಾರು 22 ಕಿಲೋಮೀಟರ್. ಇದರಿಂದ ಪತಿ ಒಂದು ನಗರದಲ್ಲಿ, ಪತ್ನಿ ಇನ್ನೊಂದರಲ್ಲಿ ದುಡಿಯುವುದು ಸಾಧ್ಯ. ಉಣಕಲ್ ಕೆರೆ, ನೃಪತುಂಗ ಬೆಟ್ಟ, ಸಾಧನಕೇರಿ ದಿನನಿತ್ಯದ ತಾಣಗಳು. ಕಾಳಿ ನದಿಯ ದೋಣಿಯಾನಕ್ಕೆ ಹೆಸರಾದ ದಾಂಡೇಲಿಗೆ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು.

ಶಿವಮೊಗ್ಗ: ಅಡಿಕೆ ವಹಿವಾಟು, ಎರಕದ ಕಾರ್ಖಾನೆಗಳು, ಸಿದ್ಧ ಉಡುಪು ಮತ್ತು ಶಿಕ್ಷಣ ಇಲ್ಲಿನ ಆಧಾರ. ತುಂಗಾ ತೀರ, ಗಾಜನೂರು, ಸಕ್ರೆಬೈಲು ಆನೆ ಬಿಡಾರ ಅತ್ಯಂತ ಸಮೀಪ. 253 ಮೀಟರ್ ಎತ್ತರದ ಜೋಗ ಜಲಪಾತ ಸುಮಾರು ನೂರು ಕಿಲೋಮೀಟರ್ ದೂರ. 2023ರ ಆಗಸ್ಟ್ 31ರಂದು ವಿಮಾನ ಸಂಚಾರ ಆರಂಭವಾಯಿತು. ಹೊರಾಂಗಣದ ದೃಷ್ಟಿಯಿಂದ ನಾಲ್ಕರಲ್ಲಿ ಇದು ಶ್ರೀಮಂತ. ಆದರೆ ಐದು ಸಂಸ್ಥೆಗಳ ಪಟ್ಟಿ ತುಂಬುವುದು ವೃತ್ತಿಯನ್ನು ಅವಲಂಬಿಸಿದೆ.

ಲೆಕ್ಕ ಹಾಕುವ ವಿಧಾನ

ಬಾಡಿಗೆಯ ಅಂತರಕ್ಕೆ ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ಒಂದು ಸೂಚಿ. 2024ರ ಜನವರಿಯಿಂದ ಇದು ಮೂಲ ವೇತನದ ಶೇ. 30, 20 ಮತ್ತು 10ರಂತೆ ನಿಗದಿಯಾಯಿತು. ಬೆಂಗಳೂರು ಮೊದಲ ವರ್ಗದಲ್ಲಿ, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ ಎರಡನೆಯದರಲ್ಲಿ, ಶಿವಮೊಗ್ಗ ಮೂರನೆಯದರಲ್ಲಿ ಇವೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಬೆಂಗಳೂರಿನಲ್ಲಿ ತಿಂಗಳಿಗೆ 70,000 ರೂಪಾಯಿ ಪಡೆಯುವವರು ಬಾಡಿಗೆಗೆ 25,000, ಓಡಾಟಕ್ಕೆ 6,000 ವ್ಯಯಿಸಿದರೆ 39,000 ಉಳಿಯುತ್ತದೆ. ಸಣ್ಣ ನಗರದಲ್ಲಿ ವೇತನ ಶೇ. 20ರಷ್ಟು ಕಡಿಮೆಯಾಗಿ 56,000 ದೊರೆತು, ಬಾಡಿಗೆ 12,000, ಓಡಾಟ 2,500 ಆದರೆ ಉಳಿಯುವುದು 41,500. ದಿನದ ಪ್ರಯಾಣ ಎರಡು ಗಂಟೆಯಿಂದ ಅರ್ಧ ಗಂಟೆಗೆ ಇಳಿದರೆ 250 ಕೆಲಸದ ದಿನಗಳಲ್ಲಿ 375 ಗಂಟೆಗಳ ಉಳಿತಾಯ. ವಿಹಾರಕ್ಕೆ ದೊರೆಯುವ ನಿಜವಾದ ಬಂಡವಾಳ ಈ ಸಮಯವೇ. ಆದರೆ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರಲು 4,000 ರೂಪಾಯಿ ಬೇಕಾದರೆ ಹಣದ ಲಾಭ ಅಲ್ಲಿಗೇ ಕರಗುತ್ತದೆ. ಬಾಳಸಂಗಾತಿಯ 30,000 ರೂಪಾಯಿಯ ಉದ್ಯೋಗ ತಪ್ಪಿದರಂತೂ ಇಡೀ ಲೆಕ್ಕವೇ ತಲೆಕೆಳಗಾಗುತ್ತದೆ. ಅನೇಕ ಸ್ಥಳಾಂತರಗಳು ವಿಫಲವಾಗುವುದು ಈ ಎರಡನೆಯ ಸಂಬಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದ.

ಉದ್ಯಮಿಗಳ ಹೊಣೆ

ರಾಜ್ಯ ಸರ್ಕಾರವು ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮದಡಿ ಮೈಸೂರು, ಮಂಗಳೂರು ಮತ್ತು ಹುಬ್ಬಳ್ಳಿ-ಧಾರವಾಡ-ಬೆಳಗಾವಿ ವಲಯಗಳಿಗೆ ಉದ್ಯಮಗಳನ್ನು ಆಕರ್ಷಿಸಲು ಯತ್ನಿಸಿದೆ. ಉದ್ಯಮ ಬಂದರೂ ಕುಶಲ ನೌಕರ ನಿಲ್ಲದಿದ್ದರೆ ಆ ಪ್ರಯತ್ನ ಫಲಿಸದು. ಸಣ್ಣ ನಗರದ ಉದ್ಯಮಿಯು ಹೊಸ ನೌಕರನಿಗೆ ವೇತನದ ಪತ್ರ ಕೊಡುವಾಗಲೇ ಅವನ ಅಥವಾ ಅವಳ ಬಾಳಸಂಗಾತಿಯ ವಿದ್ಯಾರ್ಹತೆಯನ್ನು ವಿಚಾರಿಸಿ, ವಾಣಿಜ್ಯ ಸಂಸ್ಥೆಯ ಇತರ ಸದಸ್ಯರಲ್ಲಿ ಅವಕಾಶವಿದೆಯೇ ಎಂದು ತಿಳಿಯಬಹುದು. ಸದಸ್ಯ ಸಂಸ್ಥೆಗಳ ಖಾಲಿ ಹುದ್ದೆಗಳ ಪಟ್ಟಿಯನ್ನು ಪ್ರತಿ ತಿಂಗಳು ಒಟ್ಟುಗೂಡಿಸುವುದು ವಾಣಿಜ್ಯ ಸಂಸ್ಥೆಗಳಿಗೆ ಕಷ್ಟದ ಕೆಲಸವಲ್ಲ. ಹಾಗೆಯೇ ಕೆರೆಯ ದಂಡೆ, ಪಾದಚಾರಿ ಮಾರ್ಗ, ಈಜುಕೊಳಗಳ ನಿರ್ವಹಣೆಯನ್ನು ನಗರಪಾಲಿಕೆಯ ಮುಂದೆ ಒತ್ತಾಯಿಸುವುದು ದಾನಧರ್ಮದ ಮಾತಲ್ಲ. ಅದು ಮಾನವ ಸಂಪನ್ಮೂಲವನ್ನು ಊರಿನಲ್ಲಿ ಉಳಿಸಿಕೊಳ್ಳುವ ಹೂಡಿಕೆ.

ನಿರ್ಧಾರಕ್ಕೆ ಮುನ್ನ

ನಗರವನ್ನು ಆರಿಸಿಕೊಳ್ಳುವವರು ಕನಿಷ್ಠ ಎರಡು ಬಾರಿ, ಒಮ್ಮೆ ಏಪ್ರಿಲಿನ ಬಿಸಿಲಿನಲ್ಲಿ, ಒಮ್ಮೆ ಜುಲೈ ತಿಂಗಳ ಮಳೆಯಲ್ಲಿ, ಒಂದೊಂದು ವಾರ ಅಲ್ಲಿ ತಂಗಬೇಕು. ಆ ವಾರ ಪ್ರವಾಸಿಯಂತಿರದೆ ಬೆಳಿಗ್ಗೆ ಕಚೇರಿಯ ದಾರಿ, ಮಧ್ಯಾಹ್ನ ಶಾಲೆ ಮತ್ತು ಆಸ್ಪತ್ರೆ, ಸಂಜೆ ಕೆರೆಯ ದಂಡೆ ಎಲ್ಲವನ್ನೂ ನೋಡಬೇಕು. ವಿದ್ಯುತ್ ಮತ್ತು ಅಂತರಜಾಲ ಸಂಪರ್ಕ ಮಳೆಯಲ್ಲಿ ಹೇಗಿರುತ್ತದೆಂದು ನೆರೆಯವರನ್ನು ಕೇಳಬೇಕು. ಆ ಬಳಿಕ ರೂಢಿಯಂತೆ 11 ತಿಂಗಳ ಬಾಡಿಗೆ ಕರಾರಿನಲ್ಲಿ ನೆಲೆಸಿ, ಒಂದು ಪೂರ್ಣ ಋತುಚಕ್ರ ಕಳೆದ ಮೇಲಷ್ಟೇ ನಿವೇಶನ ಅಥವಾ ಮನೆ ಖರೀದಿಯ ಮಾತೆತ್ತುವುದು ಕ್ಷೇಮಕರ. ಎರಡು ಪಟ್ಟಿಗಳಲ್ಲಿ ಐದೈದು ಹೆಸರು, ಅರ್ಧ ಗಂಟೆಯೊಳಗೆ ಒಂದು ಹಸಿರು ತಾಣ, ಮಳೆಗಾಲದಲ್ಲೂ ತೆರೆದಿರುವ ದಾರಿ: ಈ ಮೂರೂ ಇರುವ ನಗರದಲ್ಲಿ ಬಂದವರು ನೆಲೆ ನಿಲ್ಲುತ್ತಾರೆ, ಅವರನ್ನು ನೇಮಿಸಿಕೊಂಡ ಉದ್ಯಮವೂ ನಿಲ್ಲುತ್ತದೆ.