ಮೊರಪ್ಪೂರಲ್ಲಿ ಇಳಿದು ತಗಡೂರು ನೋಡುವವರಿಗೆ

1. ಹಾಳು ಪಟ್ಟಣ ಅಂದರೆ ಮಾಯಾ ಜನರ ಪಿರಮಿಡ್ಡುಗಳೇ ಕಣ್ಣಿಗೆ ಕಟ್ಟುತ್ತವೆ. ಗ್ವಾಟೆಮಾಲಾದ ಟಿಕಾಲ್‌ನಲ್ಲಿ ಕಾಡಿನ ನೆತ್ತಿ ಮೀರಿ 60 ಮೀಟರ್‌ಗೂ ಎತ್ತರದ ದೇಗುಲ ನಿಂತಿದೆ. ಅದನ್ನೇ ನೆನೆದುಕೊಂಡು ಮೊರಪ್ಪೂರಲ್ಲಿ ರೈಲಿಳಿದರೆ ನಿರಾಸೆ ಖಂಡಿತ. ತಗಡೂರು ಅಂದರೆ ತಮಿಳುನಾಡಿನ ಇವತ್ತಿನ ಧರ್ಮಪುರಿ. ಹಳೇ ಊರಿನ ಮೇಲೇ ಹೊಸ ಊರು ಕೂತಿದೆ. ಇಲ್ಲಿ ಬಗ್ಗಿ ನೋಡಬೇಕು.

2. ಮೊರಪ್ಪೂರಿನಿಂದ ಧರ್ಮಪುರಿಗೆ ಬಸ್ಸೇ ಗತಿ. 1906ರಲ್ಲಿ ಮೊರಪ್ಪೂರಿನಿಂದ ಅಲ್ಲಿಗೆ ನ್ಯಾರೋಗೇಜ್ ರೈಲಿತ್ತು, 1913ರಲ್ಲಿ ಹೊಸೂರನ್ನೂ ಮುಟ್ಟಿತ್ತು. ಮಹಾಯುದ್ಧದ ನಡುವೆ, 1941ರಲ್ಲಿ, ನಿಂತೇ ಹೋಯಿತು. ಅದೂ ಒಂದು ಹಾಳೇ.

3. ಧರ್ಮಪುರಿಯಲ್ಲಿ 'ಕೋಟ್ಟೈ ಕೋವಿಲ್' ಎಂದು ಕೇಳಿ. ನೊಳಂಬ ಅರಸರ ಕಾಲದ ಮಲ್ಲಿಕಾರ್ಜುನ ಗುಡಿ. ಎಲ್ಲರೂ ನೇರ ಗರ್ಭಗುಡಿಗೆ ನಡೆಯುತ್ತಾರೆ. ನೀವು ಕಾಮಾಕ್ಷಿ ಗುಡಿಯ ಜಗತಿಯ ಸುತ್ತ ಕುಕ್ಕರಗಾಲಲ್ಲಿ ಸಾಗಿ. ಪುಟ್ಟ ಪುಟ್ಟ ಚೌಕಗಳಲ್ಲಿ ರಾಮಾಯಣವೇ ಹರಿದಿದೆ.

4. ಶಾಸನ ಕಂಡರೆ ಕೈ ತಡೆದುಕೊಳ್ಳಿ. ಹುಡುಗಾಟದ ವಯಸ್ಸಿನಲ್ಲಿ ನಾನು ಅಕ್ಷರ ಎದ್ದು ಕಾಣಲೆಂದು ಒಂದು ಕಲ್ಲಿಗೆ ಸೀಮೆಸುಣ್ಣ ಉಜ್ಜುತ್ತಿದ್ದೆ. ಆಡು ಮೇಯಿಸುತ್ತಿದ್ದ ಅಜ್ಜಿ ಕನ್ನಡದಲ್ಲೇ ಗದರಿದರು: "ಏನಪ್ಪಾ, ಸಾಮಿ ಕಲ್ಲಿಗೆ ಸುಣ್ಣ ಬಳೀತೀಯಾ?" ಸುಣ್ಣದ ಪುಡಿ ಗೀರಿನೊಳಗೆ ಕೂತರೆ ಸುಲಭಕ್ಕೆ ಬಿಡುವುದಿಲ್ಲ. ಬೆಳಗಿನ ಏಳೆಂಟು ಗಂಟೆಯ ಓರೆ ಬಿಸಿಲು ಸಾಕು. ಬಿಸಿಲಿಲ್ಲದಿದ್ದರೆ ಟಾರ್ಚನ್ನು ಕಲ್ಲಿಗೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ; ಸವೆದ ಗೀರಿಗೂ ನೆರಳು ಬೀಳುತ್ತದೆ. ಈ ಊರಿನಲ್ಲೇ ಸಿಕ್ಕ, 893ರ ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನ ನಿಧಿಯಣ್ಣ, ಚಂದಿಯಣ್ಣ ಎಂಬ ಅಣ್ಣತಮ್ಮಂದಿರು ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ತಮಿಳುನಾಡಿನ ಜಿಲ್ಲಾ ಕೇಂದ್ರವೊಂದರ ಹಳೇ ಲೆಕ್ಕ ನಮ್ಮ ಲಿಪಿಯಲ್ಲಿದೆ ಅನ್ನುವುದು ನನಗಿನ್ನೂ ಸೋಜಿಗ.

5. ಸೇಲಂ ದಾರಿಯಲ್ಲಿ ಅದಿಯಮಾನ್‌ಕೋಟೆ. ಕವಯಿತ್ರಿ ಔವೈಯಾರ್‌ಗೆ ನೆಲ್ಲಿಕಾಯಿ ಕೊಟ್ಟನೆಂದು ತಮಿಳರು ಕೊಂಡಾಡುವ ದೊರೆ ಅದಿಯಮಾನನ ಹೆಸರಿನ ಊರು. ಕೋಟೆ ಹುಡುಕಿಕೊಂಡು ಹೋದವರಿಗೆ ಸಿಗುವುದು ಕಡಿಮೆ. ಚೆನ್ನರಾಯ ಪೆರುಮಾಳ್ ಗುಡಿಯ ಚಾವಣಿಯ ಹಳೇ ಬಣ್ಣದ ಚಿತ್ರಗಳನ್ನು ಮಾತ್ರ ಬಿಡಬೇಡಿ. ಕತ್ತೆತ್ತಬೇಕಾದ ಜಾಗ ಇದೊಂದೇ.

6. ವೀರಗಲ್ಲುಗಳನ್ನು ಧರ್ಮಪುರಿಯ ಸರ್ಕಾರಿ ಮ್ಯೂಸಿಯಂನಲ್ಲಿ ಕೂಡಿಟ್ಟಿದ್ದಾರೆ. ದನ ಉಳಿಸಲು ಕಾದಾಡಿ ಸತ್ತವರ ಕಲ್ಲುಗಳು. ಕೆಲವಕ್ಕೆ ವಟ್ಟೆಳುತ್ತು ಎಂಬ ಹಳೇ ತಮಿಳು ಲಿಪಿಯ ಬರಹವಿದೆ. ಶುಕ್ರವಾರ ಹೋಗಬೇಡಿ, ಅವತ್ತು ಮ್ಯೂಸಿಯಂಗೆ ರಜೆ.