ಕಾಣದ ಆವಿ, ಕಾಣದ ದೋಷ

ಪೆಟ್ರೋಲು ನಿಂತಲ್ಲೇ ಆವಿಯಾಗುವ ದ್ರವ. ಬೇಸಿಗೆಯಲ್ಲಿ ಅದು ಇನ್ನೂ ಹೆಚ್ಚು. ಆ ಆವಿ ಗಾಳಿಯನ್ನು ಕೆಡಿಸದಂತೆ ಕಾರಿನಲ್ಲಿ ಇದ್ದಿಲು ತುಂಬಿದ ಡಬ್ಬಿಯೊಂದು ಅದನ್ನು ಹಿಡಿದಿಡುತ್ತದೆ. ಎಂಜಿನ್ ಓಡುವಾಗ ವಿದ್ಯುತ್ ಕವಾಟವೊಂದು ತೆರೆದು, ಅದನ್ನು ಎಂಜಿನ್ನಿನಲ್ಲಿ ಉರಿಯಲು ಕಳುಹಿಸುತ್ತದೆ.

ರಾಯಲ್ಪಾಡಿನ ಮಾವು ಬೆಳೆಗಾರನೊಬ್ಬನ ಕಾರಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿತೆನ್ನಿ. ಪರೀಕ್ಷಾ ಯಂತ್ರವು ಈ ಕವಾಟದ ವಿದ್ಯುತ್ ಮಾರ್ಗದಲ್ಲಿ ದೋಷವಿದೆಯೆಂದಿತು. ಅವಸರದವನು ಕವಾಟವನ್ನೇ ಬದಲಿಸುತ್ತಾನೆ. ಸುಗ್ಗಿಯ ಹಣ ಕರಗಿದರೂ ದೀಪ ಆರದು. ಬಲ್ಲ ಮೆಕ್ಯಾನಿಕನು ಮೊದಲು ಫ್ಯೂಸನ್ನು ನೋಡುತ್ತಾನೆ. ಬಳಿಕ ಕವಾಟದ ಕನೆಕ್ಟರನ್ನು ಬಿಡಿಸಿ, ಬ್ಯಾಟರಿಯ 12 ವೋಲ್ಟು ಅಲ್ಲಿಗೆ ಬಂದಿದೆಯೇ ಎಂದು ಮೀಟರಿನಿಂದ ಅಳೆಯುತ್ತಾನೆ. ಬಾರದಿದ್ದರೆ ತಂತಿಯ ಜಾಡು ಹಿಡಿಯುತ್ತಾನೆ. ಬಂದಿದ್ದರೆ ಕವಾಟದ ಸುರುಳಿಯ ರೋಧವನ್ನೂ ಕಂಪ್ಯೂಟರಿಗೆ ಹೋಗುವ ತಂತಿಯನ್ನೂ ಪರೀಕ್ಷಿಸುತ್ತಾನೆ. ಒಮ್ಮೊಮ್ಮೆ ಇಲಿ ಕಡಿದ ತಂತಿಯೇ ದೋಷದ ಮೂಲವಾಗಿರುತ್ತದೆ. ಊಹಿಸಿ ಬದಲಿಸುವುದಕ್ಕಿಂತ ಅಳೆದು ತಿಳಿಯುವುದೇ ಮೇಲು.